ಲೇಸರ್ ಮಂಕಾದಾಗ: ಡಯೋಡಿಗೆ ಕೈ ಹಚ್ಚುವ ಮೊದಲು ಗಡಿಯಾರ ನೋಡಿ

ಮನೆಯಲ್ಲೇ ಕಟ್ಟಿಕೊಂಡ ಲೇಸರ್ ಯಂತ್ರ ಬೆಳಿಗ್ಗೆ ಸಾಗವಾನಿ ಹಲಗೆಯ ಮೇಲೆ ಕಪ್ಪಗೆ ಸುಟ್ಟು ಮೂಡಿಸಿದ ಅಕ್ಷರ ಮಧ್ಯಾಹ್ನ ಬರೇ ಕಂದು ಗೆರೆಯಾಗಿ ಬರುತ್ತದೆ. ಅಥವಾ ಹೊತ್ತಿಸಿದ ಕೂಡಲೇ ಝಗ್ಗನೆ ಬಂದ ಬೆಳಕು ಹಲಗೆ ಅರ್ಧ ಮುಗಿಯುವಷ್ಟರಲ್ಲಿ ಸೋತಿರುತ್ತದೆ. "ಡಯೋಡ್ ಹೋತು" (ಲೇಸರ್ ಬೆಳಕು ಹುಟ್ಟಿಸುವ ಬಿಡಿಭಾಗವೇ ಕೆಟ್ಟಿತು) ಅಂದುಕೊಂಡು ಸ್ಕ್ರೂಡ್ರೈವರ್ ಎತ್ತಿಕೊಳ್ಳುವುದೇ ಎಲ್ಲರ ಮೊದಲ ಕೆಲಸ. ನಾನೂ ಹಾಗೇ ಮಾಡುತ್ತಿದ್ದೆ. ಇಲ್ಲಿಯತನಕ ನಾಲ್ಕು ನೀಲಿ ಡಯೋಡ್ ಕಳೆದುಕೊಂಡಿದ್ದೇನೆ. ಅದರಲ್ಲಿ ಮೂರು, ದೋಷ ಹುಡುಕುವ ಹೊತ್ತಿನಲ್ಲಿ ನನ್ನ ಕೈಯಿಂದಲೇ ಸತ್ತವು. ಒಂದಕ್ಕಂತೂ ಏನೂ ಆಗಿರಲಿಲ್ಲ.

ನನ್ನ ಯಂತ್ರ ಇರುವುದು ವಿಜಯಪುರದಲ್ಲಿ, ಮಾಳಿಗೆ ಮೇಲಿನ ತಗಡಿನ ಖೋಲಿಯಲ್ಲಿ. ಅದರ ಜೋಡಿ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಕಾಕಾನ ಮಗನ ಹತ್ತಿರ ಇದೆ. ಎರಡಕ್ಕೂ ತಾಮ್ರದ ಹೋಲ್ಡರ್ ಕಡೆದವನು ಅವನು, ವೈರಿಂಗ್ ಮಾಡಿದವನು ನಾನು. ಡಯೋಡ್, ಅದಕ್ಕೆ ಅಳತೆಯ ಕರೆಂಟ್ ಕೊಡುವ ಡ್ರೈವರ್, ಫ್ಯಾನ್ ಎಲ್ಲ ಒಂದೇ. ಆದರೂ ನನ್ನದು ತಕರಾರು ತೆಗೆಯುವುದು ಮೇ ತಿಂಗಳಲ್ಲಿ, ಅವನದು ಜುಲೈನಲ್ಲಿ. ಈ ಬರಹದ ಅರ್ಧ ಪಾಠ ಕಲಿಸಿದ್ದು ಆ ವ್ಯತ್ಯಾಸವೇ.

ಗಾಗಲ್ ಹಾಕದೆ ಮುಂದಿನ ಸಾಲು ಓದಬೇಡಿ ಅನ್ನುವುದಿಲ್ಲ, ಆದರೆ ಸ್ವಿಚ್ ಒತ್ತಬೇಡಿ. ಅರ್ಧ ವ್ಯಾಟ್ ದಾಟಿದ ಲೇಸರ್ ನಾಲ್ಕನೆಯ ವರ್ಗಕ್ಕೆ ಸೇರುತ್ತದೆ. ಕಿರಣ ನೇರ ಕಣ್ಣಿಗೆ ಬೀಳಬೇಕಂತಿಲ್ಲ, ಹಲಗೆಯ ಮೇಲಿನ ಚುಕ್ಕೆಯನ್ನು ಹತ್ತಿರದಿಂದ ನೋಡಿದರೂ ಕಣ್ಣಿನ ಪರದೆ ಸುಡಬಹುದು. ಗಾಗಲಿನ ಮೇಲೆ ನಿಮ್ಮ ತರಂಗಾಂತರ ಮತ್ತು ಓಡಿ 4 ಅಥವಾ ಹೆಚ್ಚು ಅಂತ ಬರೆದಿರಬೇಕು. ಓಡಿ 4 ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ. ಕಿಟ್ ಜೊತೆ ಪುಕ್ಕಟೆ ಬಂದ ಹಸಿರು ಪ್ಲಾಸ್ಟಿಕ್ ಚಾಳೀಸನ್ನು ನಾನು ಮಕ್ಕಳ ಆಟಕ್ಕೂ ಕೊಡಲಿಲ್ಲ, ನಂಬಿ ಹಾಕಿಕೊಂಡಾರು ಅಂತ. ಒಂದು ಸಮಾಧಾನ ಅಂದರೆ, ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಲೇಸರ್ ಹೊತ್ತಿಸುವ ಅಗತ್ಯವೇ ಇಲ್ಲ.

ಎಷ್ಟು ಹೊತ್ತಿಗೆ ಮಂಕಾಗುತ್ತದೆ?

ಲೆಕ್ಕಕ್ಕೆ ನನ್ನದೇ ಡಯೋಡ್ ಹಿಡಿಯೋಣ. 450 ನ್ಯಾನೋಮೀಟರ್ ನೀಲಿ, 9 ಮಿಲಿಮೀಟರ್ ಕ್ಯಾನ್, ಹಳೆಯ ಪ್ರೊಜೆಕ್ಟರಿನಿಂದ ಬಿಚ್ಚಿದ್ದು. 3 ಆಂಪಿಯರ್ ಹರಿದಾಗ ಅದರ ಮೇಲೆ ಸುಮಾರು 4.3 ವೋಲ್ಟ್. ಒಳಗೆ ಹೋಗುವುದು 13 ವ್ಯಾಟ್, ಬೆಳಕಾಗಿ ಹೊರಗೆ ಬರುವುದು ನಾಲ್ಕು ಚಿಲ್ಲರೆ. ಉಳಿದ 9 ವ್ಯಾಟ್ ಪೂರಾ ಶಾಖ, ಅದೂ ಉಗುರಿನಷ್ಟಗಲದ ಒಂದು ಬುಡದಿಂದ ಹೊರಗೆ ಹೋಗಬೇಕು.

ಈ ಶಾಖದ ದಾರಿಯಲ್ಲಿ ಮೂರು ಊರು. ಮೊದಲು ಡಯೋಡ್ ಒತ್ತಿ ಕೂರಿಸಿದ ತಾಮ್ರದ ಹೋಲ್ಡರ್, ತೂಕ ಸುಮಾರು 25 ಗ್ರಾಂ. ಆಮೇಲೆ ರೆಕ್ಕೆಗಳಿರುವ, ಶಾಖವನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್, 400 ಗ್ರಾಂ. ಕೊನೆಗೆ ಖೋಲಿಯ ಗಾಳಿ. ಒಂದು ಗ್ರಾಂ ತಾಮ್ರ ಒಂದು ಡಿಗ್ರಿ ಏರಲು 0.385 ಜೂಲ್ ಬೇಕು, ಅಲ್ಯೂಮಿನಿಯಂಗೆ 0.9. ಅಂದರೆ ಹೋಲ್ಡರ್ ಮಾತ್ರ ಬಿಸಿಯಾಗುತ್ತಿದ್ದರೆ, ಅಲ್ಲಿಂದ ಶಾಖ ಮುಂದೆ ಹೋಗದಿದ್ದರೆ, ಅದು ಸೆಕೆಂಡಿಗೆ ಹತ್ತಿರಹತ್ತಿರ ಒಂದು ಡಿಗ್ರಿ ಏರುತ್ತದೆ. ಅರ್ಧ ನಿಮಿಷದಲ್ಲಿ ಕೈ ಇಡಲಾಗದಷ್ಟು ಕಾದಿರುತ್ತದೆ. ಹೋಲ್ಡರಿನಿಂದ ಶಾಖ ಹೀಟ್‌ಸಿಂಕಿಗೆ ಸರಿಯಾಗಿ ಹೋಗುತ್ತಿದ್ದು, ಅಲ್ಲಿಂದ ಗಾಳಿಗೆ ಹೋಗದಿದ್ದರೆ? 400 ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಏರಲು 360 ಜೂಲ್, ಅಂದರೆ 40 ಸೆಕೆಂಡ್. 20 ಡಿಗ್ರಿ ಏರಲು 13 ನಿಮಿಷ.

ಇಷ್ಟೇ ಗುಟ್ಟು. ಅರ್ಧ ನಿಮಿಷದಲ್ಲಿ ಮಂಕಾದರೆ ದೋಷ ಡಯೋಡಿಗೂ ಹೀಟ್‌ಸಿಂಕಿಗೂ ನಡುವಿನ ಸಂದಿನಲ್ಲಿದೆ. ಹತ್ತು ಹದಿನೈದು ನಿಮಿಷಕ್ಕೆ ಮಂಕಾದರೆ ಹೀಟ್‌ಸಿಂಕಿಗೂ ಗಾಳಿಗೂ ನಡುವೆ. ಗಡಿಯಾರಕ್ಕೆ ಸಂಬಂಧವಿಲ್ಲದೆ, ಹೊತ್ತಿಸಿದ ಮೊದಲ ಸೆಕೆಂಡಿನಲ್ಲೇ ಮಂಕಿದ್ದರೆ ಅದು ಬಹಳ ಸಲ ಶಾಖದ ಪ್ರಶ್ನೆಯೇ ಅಲ್ಲ. ಕರೆಂಟಿನದೋ, ಲೆನ್ಸಿನದೋ, ಕೊನೆಗೆ ಡಯೋಡಿನದೋ.

ಹೀಟ್‌ಸಿಂಕ್ ದೊಡ್ಡದಿದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಒಂದು ಮಾತು. ಏಪ್ರಿಲ್ ಮಧ್ಯಾಹ್ನ ಗೋಳಗುಮ್ಮಟದ ಒಳಗೆ ಹೊಕ್ಕರೆ ಹಾಯ್ ಅನಿಸುತ್ತದೆ, ಸುಮಾರು 3 ಮೀಟರ್ ದಪ್ಪದ ಗೋಡೆ. ಆದರೆ ಆ ಗೋಡೆ ಹಗಲಿನ ಶಾಖವನ್ನು ಇಲ್ಲವಾಗಿಸುವುದಿಲ್ಲ, ತಡವಾಗಿ ಒಳಗೆ ಬಿಡುತ್ತದೆ, ಅಷ್ಟರಲ್ಲಿ ರಾತ್ರಿ ಬಂದು ತಣಿಸುತ್ತದೆ. ದಪ್ಪ ಹೀಟ್‌ಸಿಂಕ್ ಮಾಡುವುದೂ ತಡ ಮಾತ್ರ. ನಿಮ್ಮ ಕೆಲಸ ಹತ್ತು ನಿಮಿಷದ್ದಾದರೆ ಅದು ಸಾಕು. ಎರಡು ತಾಸಿನದಾದರೆ ಬೇಕಾದದ್ದು ತೂಕಕ್ಕಿಂತ ಹೆಚ್ಚಾಗಿ ರೆಕ್ಕೆ ಮತ್ತು ಗಾಳಿ.

ಅರ್ಧ ನಿಮಿಷದ ದೋಷ

ನಮ್ಮ ಕಡೆ ಇದರ ಮೂಲ ಹೆಚ್ಚಾಗಿ ಒಂದೇ: ಹೋಲ್ಡರಿನ ರಂಧ್ರ ಸಡಿಲ. ದುಂಡನೆಯ ಹೋಲ್ಡರನ್ನು ಹೀಟ್‌ಸಿಂಕಿನ ದುಂಡನೆಯ ತೂತಿಗೆ ತೂರಿಸಿ, ಪಕ್ಕದಿಂದ ಒಂದು ಗ್ರಬ್ ಸ್ಕ್ರೂ ಬಿಗಿದಿರುತ್ತೇವೆ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸ್ಕ್ರೂ ಒತ್ತಿದ ಎದುರಿನ ಒಂದು ಗೆರೆಯಲ್ಲಿ ಮಾತ್ರ ಲೋಹ ಲೋಹಕ್ಕೆ ತಾಗುತ್ತದೆ. ಉಳಿದ ಸುತ್ತೆಲ್ಲ ಗಾಳಿ, ಗಾಳಿಯೋ ಶಾಖಕ್ಕೆ ಹತ್ತಿಯ ದಿಂಡು. ನನ್ನದನ್ನು ಬಿಚ್ಚಿ ನೋಡಿದಾಗ ತಾಮ್ರದ ಮೇಲೆ ಒಂದೇ ಒಂದು ಹೊಳೆಯುವ ಗೆರೆ, ಮಿಕ್ಕದ್ದೆಲ್ಲ ಹಾಗೇ ಕಂದು. ಕಾಕಾನ ಮಗ ತಮ್ಮನಿಗೆ ಫೋಟೋ ಕಳಿಸಿದೆ.

"ಅಣ್ಣಾ, ಅದು ನಾ ಕಡದದ್ದಲ್ಲ, ನೀ ಡ್ರಿಲ್ ಹೊಡದದ್ದು," ಅಂದ ತಮ್ಮ. "ಡ್ರಿಲ್ ಹೊಡದ ತೂತ ದುಂಡಗ ಇರಂಗಿಲ್ಲ. ರೀಮರ್ ಹಾಕಬೇಕಿತ್ತು."

ಮಾತು ಖರೆ, ತೂತನ್ನು ಅಳತೆಗೆ ದುಂಡಗೆ ಮಾಡುವ ಹತಾರವೇ ರೀಮರ್. ಪರಿಹಾರ ಎರಡು. ಹೀಟ್‌ಸಿಂಕನ್ನು ಸೀಳಿ, ಎರಡು ಹೋಳಾಗಿ, ಹೋಲ್ಡರನ್ನು ತಬ್ಬಿ ಹಿಡಿಯುವಂತೆ ಬೋಲ್ಟ್ ಹಾಕುವುದು; ಇದು ಅತ್ಯುತ್ತಮ. ಇಲ್ಲವೇ ಥರ್ಮಲ್ ಪೇಸ್ಟ್. ಪೇಸ್ಟ್ ಗಾಳಿಯ ಜಾಗ ತುಂಬಲಿಕ್ಕಷ್ಟೇ, ಲೋಹದ ಜಾಗ ಹಿಡಿಯಲಿಕ್ಕಲ್ಲ. ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಮೆತ್ತಿದರೆ ಮೊದಲಿಗಿಂತ ಕೆಡುತ್ತದೆ. ಹಿಂದಿನ ಲೋಹದ ಬಣ್ಣ ಮಸುಕಾಗಿ ಕಾಣುವಷ್ಟು ತೆಳುವಾಗಿರಬೇಕು.

ಹೋಲ್ಡರ್ ಯಾವ ಲೋಹ ಅನ್ನುವುದನ್ನೂ ನೋಡಿ. ಅಗ್ಗದ ಹೋಲ್ಡರುಗಳು ಹಿತ್ತಾಳೆಯವು. ತಾಮ್ರ ಸುಮಾರು 400 ಅಂಕದಲ್ಲಿ ಶಾಖ ಸಾಗಿಸಿದರೆ ಅಲ್ಯೂಮಿನಿಯಂ 200ರ ಆಸುಪಾಸು, ಹಿತ್ತಾಳೆ 120 ದಾಟುವುದು ಕಷ್ಟ. ಒಂದು ವ್ಯಾಟಿನ ಡಯೋಡಿಗೆ ಹಿತ್ತಾಳೆ ನಡೆಯುತ್ತದೆ, ನಾಲ್ಕು ವ್ಯಾಟಿಗೆ ಇಲ್ಲ. ಲೇಪ ಹಾಕಿ ಬಣ್ಣ ಮರೆಸಿದ್ದರೆ ಹಿಂದಿನ ಅಂಚನ್ನು ಅರದಿಂದ ಉಜ್ಜಿ ನೋಡಿ, ಕೆಂಪೋ ಹಳದಿಯೋ ಗೊತ್ತಾಗುತ್ತದೆ.

ಕಾಲು ಗಂಟೆಯ ದೋಷ, ಮತ್ತು ನನ್ನ ಎರಡನೆಯ ಡಯೋಡಿನ ಸಾವು

ಆ ದಿನ ಒಂದು ದೊಡ್ಡ ನಾಮಫಲಕ ಹಾಕಿ ಊಟಕ್ಕೆ ಇಳಿದಿದ್ದೆ. ಕೂತು ಒಂದು ರೊಟ್ಟಿ ಮುಗಿದಿರಲಿಲ್ಲ, ಕರೆಂಟ್ ಹೋಯ್ತು. ಯಂತ್ರ ಇನ್ವರ್ಟರ್ ಲೈನಿನ ಮೇಲಿದ್ದದ್ದರಿಂದ ಚಿಂತೆ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಪಡಸಾಲೆಯಿಂದ, "ಮ್ಯಾಲೆ ಏನೋ ಕಾದ ವಾಸನಿ ಬರಾಕತ್ತೈತಲ್ಲೋ" ಅಂದಳು. ಹತ್ತಿ ಹೋಗಿ ನೋಡಿದರೆ ಫಲಕದ ಮೊದಲ ಮೂರು ಸಾಲು ಕಪ್ಪು, ನಾಲ್ಕನೆಯದು ಮಸುಕು, ಐದನೆಯದು ಇಲ್ಲವೇ ಇಲ್ಲ. ಹೀಟ್‌ಸಿಂಕ್ ಮುಟ್ಟಿದರೆ ಬೆರಳು ಚುರ್ ಅಂತು. ಉಸ್ತುವಾರಿ ಇಲ್ಲದೆ ಇಂಥ ಯಂತ್ರ ಬಿಟ್ಟು ಇಳಿದದ್ದೇ ಮೊದಲ ತಪ್ಪು, ಅದನ್ನು ಈಗ ಮಾಡುವುದಿಲ್ಲ.

ಆಗ ಗಡಿಯಾರ ನೋಡಿದ್ದರೆ ಗೊತ್ತಾಗುತ್ತಿತ್ತು, ಕಾಲು ಗಂಟೆ, ಅಂದರೆ ಹೀಟ್‌ಸಿಂಕಿಗೂ ಗಾಳಿಗೂ ನಡುವಿನ ತೊಂದರೆ. ಅಷ್ಟರಲ್ಲಿ ಕರೆಂಟ್ ಬಂದು ಫ್ಯಾನ್ ಮತ್ತೆ ತಿರುಗುತ್ತಿದ್ದದ್ದು ನನ್ನ ದಾರಿ ತಪ್ಪಿಸಿತು. ಲೇಸರಿನ ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಲೇಸರಿಗೆ ತಕ್ಕಂತೆ ಇಳಿಸಿ ಕೊಡುವ ಡಬ್ಬಿ) ಇನ್ವರ್ಟರ್ ಲೈನಿನಲ್ಲಿ, ಫ್ಯಾನಿನ ಅಡಾಪ್ಟರ್ ಮಾತ್ರ ಗೋಡೆಯ ಸಾದಾ ಪ್ಲಗ್ಗಿನಲ್ಲಿ. ಕರೆಂಟ್ ಹೋದಷ್ಟು ಹೊತ್ತು ಲೇಸರ್ ಫ್ಯಾನಿಲ್ಲದೆ ಓಡಿತ್ತು. ಇದು ನನಗೆ ಹೊಳೆದದ್ದು ಮರುದಿನ. ಆ ಹೊತ್ತಿಗೆ ಡಯೋಡನ್ನು ಕೊಂದಾಗಿತ್ತು.

ಕೊಂದದ್ದು ಹೀಗೆ. ಖೋಲಿಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ, ಮೂರನೆಯ ತೂತು ಶೋಭೆಗೆ ಮಾತ್ರ. ಅರ್ಥಿಂಗ್ ಇಲ್ಲದ ಎಸ್‌ಎಂಪಿಎಸ್ಸಿನ ಹೊರಕವಚ ಮುಟ್ಟಿದರೆ ಜುಂ ಅನ್ನುತ್ತದಲ್ಲ, ಅದು ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರಿ ಬರುವ ವೋಲ್ಟೇಜ್. ಮಲ್ಟಿಮೀಟರನ್ನು ಎಸಿಯಲ್ಲಿಟ್ಟು ಕವಚಕ್ಕೂ ಒಳ್ಳೆಯ ಅರ್ಥಿಗೂ ನಡುವೆ ಹಿಡಿದರೆ 100 ವೋಲ್ಟಿನ ಮೇಲೆ ತೋರಿಸುವುದು ಸಾಮಾನ್ಯ. ಆಂಪಿಯರ್ ಲೆಕ್ಕದಲ್ಲಿ ತೀರ ಸಣ್ಣದು, ಮನುಷ್ಯನಿಗೆ ಚುರುಕು ಮುಟ್ಟಿಸುವಷ್ಟು. ಲೇಸರ್ ಡಯೋಡಿಗೆ ಮಾತ್ರ ಉಲ್ಟಾ ವೋಲ್ಟೇಜ್ ತಡೆಯುವ ತಾಕತ್ತು ಬಹಳ ಕಡಿಮೆ. ನನ್ನ ಸೋಲ್ಡರಿಂಗ್ ಕಡ್ಡಿ ಕೆಳಗಿನ ಮನೆಯಿಂದ ಎಳೆದ ಎಕ್ಸ್‌ಟೆನ್ಶನ್ನಿನಲ್ಲಿ, ಅದಕ್ಕೆ ಅರ್ಥಿಂಗ್ ಇತ್ತು. ಎಸ್‌ಎಂಪಿಎಸ್ ಪ್ಲಗ್ ಕಿತ್ತಿರಲಿಲ್ಲ. ಕಡ್ಡಿಯ ತುದಿಯನ್ನು ಡಯೋಡಿನ ಕಾಲಿಗೆ ಇಟ್ಟ ಗಳಿಗೆ, ಆ ಸೋರಿಕೆಗೆಲ್ಲ ಡಯೋಡೇ ದಾರಿಯಾಯಿತು. ಸದ್ದಿಲ್ಲ, ಕಿಡಿಯಿಲ್ಲ. ಮತ್ತೆ ಜೋಡಿಸಿ ಹೊತ್ತಿಸಿದರೆ ಹೊಲದ ದೀಪದ ಹುಳದಂಥ ಬೆಳಕು.

ಹಾಗಾಗಿ ಈಗ ಕ್ರಮ ಇದು: ಪ್ಲಗ್ ಕೀಳು, ಡ್ರೈವರಿನ ಕೆಪಾಸಿಟರ್ ಖಾಲಿಯಾಗಲು ಒಂದು ನಿಮಿಷ ಬಿಡು, ಡಯೋಡಿನ ಎರಡೂ ಕಾಲಿಗೆ ತೆಳು ತಾಮ್ರದ ಎಳೆ ಸುತ್ತಿ ಶಾರ್ಟ್ ಮಾಡು, ಆಮೇಲೆ ಕಡ್ಡಿ ಇಡು. ಬೇಸಿಗೆಯಲ್ಲಿ ನಮ್ಮ ಗಾಳಿ ಒಣಗಿ ಗರಿಗರಿಯಾಗಿರುತ್ತದೆ, ಟೆರಿಕಾಟ್ ಅಂಗಿಯ ಸ್ಥಿರ ವಿದ್ಯುತ್ತೂ ಇದೇ ಕೆಲಸ ಮಾಡುತ್ತದೆ, ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಳ್ಳಿ. ಫ್ಯಾನ್ ಮತ್ತು ಲೇಸರ್ ಒಂದೇ ಎಸ್‌ಎಂಪಿಎಸ್ಸಿನಿಂದ. ಹೀಟ್‌ಸಿಂಕಿಗೆ 60 ಡಿಗ್ರಿಯ ಥರ್ಮಲ್ ಸ್ವಿಚ್ ಅಂಟಿಸಿ ಡ್ರೈವರಿನ ಇನ್‌ಪುಟ್ಟಿಗೆ ಸರಣಿಯಲ್ಲಿ ಹಾಕಿದ್ದೇನೆ. ಇನ್ನೊಂದು ರಿಲೇ: ಕರೆಂಟ್ ಹೋಗಿ ಬಂದರೆ ಲೇಸರ್ ತಾನಾಗಿ ಹೊತ್ತಬಾರದು, ನಾನು ಬಂದು ಗುಂಡಿ ಒತ್ತಿದರೇ ಹೊತ್ತಬೇಕು.

ಕಾಲು ಗಂಟೆಯ ದೋಷಕ್ಕೆ ಉಳಿದ ಕಾರಣಗಳು ಸಾದಾ. ಫ್ಯಾನಿನ ರೆಕ್ಕೆಗೆ ಮರದ ಹೊಗೆಯ ಜಿಡ್ಡು, ಹೀಟ್‌ಸಿಂಕಿನ ಸಂದಿಗೆ ಧೂಳು. ಮತ್ತೆ ಡಬ್ಬಿಯೊಳಗೆ ಸುತ್ತುವ ಅದೇ ಬಿಸಿಗಾಳಿ: ಬೆಳಕು ಹೊರಬಾರದಂತೆ ಮುಚ್ಚಿದ ಡಬ್ಬಿಗೆ ಗಾಳಿ ಒಳಗೆ ಬರುವ ಮತ್ತು ಹೊರಗೆ ಹೋಗುವ ದಾರಿ ಬೇರೆಬೇರೆ ಇರಲೇಬೇಕು, ಬೆಳಕು ತಪ್ಪಿಸಲು ಒಂದೆರಡು ಮೂಲೆ ತಿರುಗಿಸಿ.

ಮೊದಲ ಸೆಕೆಂಡಿನಿಂದಲೇ ಮಂಕು: ಕರೆಂಟಿನ ಕಡೆ ನೋಡಿ

ಮೊದಲು ಲೆನ್ಸ್. ಪ್ಲೈವುಡ್ ಕೊರೆದವರಿಗೆ ಗೊತ್ತು, ಅಂಟಿನ ಹೊಗೆ ಲೆನ್ಸಿನ ಮೇಲೆ ಕಂದು ಪದರ ಕಟ್ಟುತ್ತದೆ. ಯಂತ್ರ ಆರಿಸಿ, ಲೆನ್ಸನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹೊಸ ಹತ್ತಿ ಕಡ್ಡಿ, ನಡುವಿನಿಂದ ಅಂಚಿಗೆ ಒಂದೇ ಸಲ. ಅಂಗಿಯ ತುದಿ ಬೇಡ.

ಆಮೇಲೆ ಡ್ರೈವರ್. ಡಯೋಡ್ ಬಿಚ್ಚಿಟ್ಟು ಅದರ ಜಾಗಕ್ಕೆ ಅಷ್ಟೇ ವೋಲ್ಟ್ ಹಿಡಿಯುವ ಸುಳ್ಳು ಹೊರೆ, ಅಂದರೆ ಡಮ್ಮಿ ಲೋಡ್, ಹಾಕಿ. 6ಎ10 ಅನ್ನುವ ಆರು ಆಂಪಿಯರಿನ ರೆಕ್ಟಿಫೈಯರ್ ಡಯೋಡ್ ಸಿಗುತ್ತವೆ; ಐದನ್ನು ಸರಣಿಯಲ್ಲಿ ಸೋಲ್ಡರ್ ಮಾಡಿದರೆ ನೀಲಿ ಡಯೋಡಿನ ನಾಲ್ಕು ಚಿಲ್ಲರೆ ವೋಲ್ಟ್ ಬರುತ್ತದೆ. ಜೊತೆಗೆ 0.1 ಓಮಿನ 5 ವ್ಯಾಟ್ ರೆಸಿಸ್ಟರ್. ಅದರ ಮೇಲೆ 300 ಮಿಲಿವೋಲ್ಟ್ ಬಂದರೆ 3 ಆಂಪಿಯರ್. ಹೀಗೆ ವೋಲ್ಟ್ ಅಳೆದು ಆಂಪಿಯರ್ ತಿಳಿಯಬೇಕೇ ವಿನಾ, ಮಲ್ಟಿಮೀಟರನ್ನು ಸರಣಿಯಲ್ಲಿ ತೂರಿಸಿ ಲೇಸರ್ ಡಯೋಡಿನ ಕರೆಂಟ್ ಅಳೆಯಲು ಎಂದೂ ಹೋಗಬೇಡಿ. ನನ್ನ ಮೊದಲ ಡಯೋಡ್ ಹಾಗೇ ಹೋದದ್ದು. ಪ್ರೋಬ್ ಒಂದು ಕ್ಷಣ ಜಾರಿತು. ದಾರಿ ತುಂಡಾದ ಡ್ರೈವರ್ ತನ್ನ ಔಟ್‌ಪುಟ್ ಕೆಪಾಸಿಟರನ್ನು ಪೂರ್ತಿ ವೋಲ್ಟೇಜಿಗೆ ಏರಿಸಿಕೊಂಡು ಕೂತಿತ್ತು. ಪ್ರೋಬ್ ಮತ್ತೆ ತಾಗಿದಾಗ ಆ ತುಂಬಿದ ಕೊಡವನ್ನು ಡಯೋಡಿನ ತಲೆಯ ಮೇಲೆ ಸುರಿಯಿತು. ಅದೇ ಕಾರಣಕ್ಕೆ ಡ್ರೈವರಿನಿಂದ ಡಯೋಡಿಗೆ ಹೋಗುವ ವೈರಿನಲ್ಲಿ ಕನೆಕ್ಟರ್ ಬೇಡ, ನೇರ ಸೋಲ್ಡರ್ ಇರಲಿ. ಬೆಳಕು ಮಿಣುಕುತ್ತಿದ್ದರೆ ಮೊದಲು ಈ ವೈರುಗಳನ್ನೇ ಸಂಶಯಪಡಿ, ತಡಮಾಡಬೇಡಿ. ಒಂದೊಂದು ಮಿಣುಕಿನಲ್ಲೂ ಇದೇ ಪೆಟ್ಟು ಬೀಳುತ್ತಿರುತ್ತದೆ.

ಡಮ್ಮಿ ಲೋಡಿನಲ್ಲಿ 300 ಮಿಲಿವೋಲ್ಟ್ ಬರದಿದ್ದರೆ ಇನ್‌ಪುಟ್ ವೋಲ್ಟೇಜನ್ನು ಲೋಡ್ ಇರುವಾಗಲೇ ಅಳೆಯಿರಿ. ಎಲ್‌ಎಂ338 ಅನ್ನುವ ರೆಗ್ಯುಲೇಟರ್ ಐಸಿಯಲ್ಲಿ ಮಾಡಿಕೊಂಡ ಸಾದಾ ಡ್ರೈವರ್ ಇದ್ದರೆ ಲೆಕ್ಕ ಸುಲಭ: ಕರೆಂಟ್ ಅಂದರೆ 1.25 ಭಾಗಿಸು ರೆಸಿಸ್ಟರ್, 0.42 ಓಮಿಗೆ ಸುಮಾರು 3 ಆಂಪಿಯರ್. ಡಯೋಡಿಗೆ 4.3, ರೆಸಿಸ್ಟರಿಗೆ 1.25, ಐಸಿಗೆ ಉಸಿರಾಡಲು ಎರಡೂವರೆ ಮೂರು. ಒಟ್ಟು ಎಂಟೂವರೆಗೆ ಕಡಿಮೆಯಾದರೆ ಸೊರಗುತ್ತದೆ. ಎರಡು ಲಿಥಿಯಂ ಸೆಲ್ಲಿನ 7.4 ವೋಲ್ಟ್ ಪ್ಯಾಕಿಗೆ ಇದನ್ನು ಹಚ್ಚಿ "ಬ್ಯಾಟರಿ ಫುಲ್ ಐತಿ, ಆದ್ರೂ ಮಂಕು" ಅನ್ನುವವರು ಇದ್ದಾರೆ. ಹಾಗಂತ 12 ವೋಲ್ಟ್ ಕೊಟ್ಟರೆ ಐಸಿಯೊಂದೇ 19 ವ್ಯಾಟ್ ಸುಡಬೇಕು, ಕಾದು ತಾನಾಗಿ ಬಂದ್ ಆಗುತ್ತದೆ, ತಣಿದು ಮತ್ತೆ ಹೊತ್ತುತ್ತದೆ. ಕೆಲವು ಸೆಕೆಂಡಿಗೊಮ್ಮೆ ತಾಳಬದ್ಧವಾಗಿ ಹೋಗಿ ಬರುವ ಬೆಳಕು ಕಂಡರೆ ಅದು ಡ್ರೈವರಿನ ಜ್ವರ. 12 ವೋಲ್ಟಿಗೆ, ಹೆಚ್ಚಿನ ವೋಲ್ಟನ್ನು ಶಾಖವಾಗಿ ಸುಡದೆ ಇಳಿಸಿಕೊಡುವ ಬಕ್ ಡ್ರೈವರೇ ಸರಿ.

ಬಂಡೆಯಂಥ ಚೌಕ ಬುಡದ ಸಿ-ಮೌಂಟ್ ಡಯೋಡ್ ಬಳಸುವವರಿಗೆ ಒಂದು ವಿಶೇಷ ತಕರಾರು. ಅದರ ಮೈಯೇ ಸಾಮಾನ್ಯವಾಗಿ ಧನ ತುದಿ. ಹೀಟ್‌ಸಿಂಕ್ ಯಂತ್ರದ ಚೌಕಟ್ಟಿಗೆ ತಾಗಿ, ಚೌಕಟ್ಟು ಎಸ್‌ಎಂಪಿಎಸ್ಸಿನ ಋಣಕ್ಕೆ ತಾಗಿದ್ದರೆ ಕರೆಂಟ್ ಡಯೋಡನ್ನು ಬಿಟ್ಟು ಅಡ್ಡದಾರಿಯಲ್ಲಿ ಹೋಗುತ್ತದೆ. ಡಯೋಡ್ ಕೂರಿಸುವ ಮೊದಲೇ ಹೀಟ್‌ಸಿಂಕಿಗೂ ಋಣಕ್ಕೂ ನಡುವೆ ಓಮ್ ನೋಡಿ.

ಪೆಲ್ಟಿಯರ್ ಹಾಕಿದ ಮೇಲೆ ಇನ್ನಷ್ಟು ಬಿಸಿಯಾಗುತ್ತಿದೆ

ಪೆಲ್ಟಿಯರ್ ಅಂದರೆ ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ ಆಗುವ ಚಪ್ಪಟೆ ಬಿಲ್ಲೆ. ಅದು ತಂಪು ಹುಟ್ಟಿಸುತ್ತದೆ ಅಂತ ತಿಳಿದವರು ಮೋಸ ಹೋಗುತ್ತಾರೆ. ಅದು ಹಮಾಲ. ಈ ಕಡೆಯ ಶಾಖ ಹೊತ್ತು ಆ ಕಡೆ ಇಳಿಸುತ್ತದೆ, ತನ್ನ ಕೂಲಿಯನ್ನೂ ಶಾಖವಾಗಿಯೇ ಆ ಕಡೆ ಸುರಿಯುತ್ತದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 12706ಕ್ಕೆ 12 ವೋಲ್ಟ್ ಕೊಟ್ಟರೆ 50 ವ್ಯಾಟ್ ಆಸುಪಾಸು ತಿನ್ನುತ್ತದೆ. ನಮ್ಮ 9 ವ್ಯಾಟ್ ಸಾಗಿಸಲು 50 ವ್ಯಾಟ್ ಕೂಲಿ. ಬಿಸಿ ಬದಿಯ ಹೀಟ್‌ಸಿಂಕ್ ಈಗ 60 ವ್ಯಾಟ್ ಚೆಲ್ಲಬೇಕು. ಅದಕ್ಕಾಗದೆ ಅದು ಕಾದರೆ ತಣ್ಣನೆ ಬದಿಯೂ ಹಿಂದೆಯೇ ಕಾಯುತ್ತದೆ. ಸಾಗಿಸುವ ಶಕ್ತಿ ಕರೆಂಟಿನಷ್ಟೇ ಏರಿದರೆ ಒಳಗೆ ಹುಟ್ಟುವ ಶಾಖ ಕರೆಂಟಿನ ವರ್ಗದಷ್ಟು ಏರುತ್ತದೆ. ಆದ್ದರಿಂದ ಮೊದಲ ಪರೀಕ್ಷೆ: 12ರ ಬದಲು 5 ವೋಲ್ಟ್ ಕೊಟ್ಟು ನೋಡಿ. ಹೋಲ್ಡರ್ ಮೊದಲಿಗಿಂತ ತಣ್ಣಗಾದರೆ ದೋಷ ಬಿಸಿ ಬದಿಯಲ್ಲಿದೆ.

ಆರಿಹೋದ ಪೆಲ್ಟಿಯರ್ ಇನ್ನೂ ಅಪಾಯ. ಕರೆಂಟಿಲ್ಲದಾಗ ಅದು ಶಾಖಕ್ಕೆ ಅಡ್ಡಗೋಡೆ, 9 ವ್ಯಾಟಿಗೆ ಹದಿನೈದು ಡಿಗ್ರಿ ಹೆಚ್ಚುವರಿ ಏರಿಸಿಬಿಡುತ್ತದೆ. ವೈರ್ ಕಿತ್ತದ್ದು ಗೊತ್ತಾಗದೆ "ಪೆಲ್ಟಿಯರ್ ಇದ್ದೂ ಇಷ್ಟು ಬಿಸಿ" ಅನ್ನುವುದು ಇದೇ. ಉಷ್ಣತೆ ಅಳೆಯುವ, ಕಾದಂತೆ ಓಮ್ ಇಳಿಯುವ ಥರ್ಮಿಸ್ಟರನ್ನೂ ನೋಡಿ: 10 ಸಾವಿರ ಓಮಿನ, 3950 ಬೀಟಾದ್ದು 25 ಡಿಗ್ರಿಗೆ 10 ಸಾವಿರ, 40ಕ್ಕೆ 5,300, 50ಕ್ಕೆ 3,600 ತೋರಿಸಬೇಕು. ಅದರ ವೈರ್ ತುಂಡಾದರೆ ಕಂಟ್ರೋಲರಿಗೆ "ಮಂಜುಗಡ್ಡೆಯಷ್ಟು ತಂಪು" ಅನಿಸಿ ಪೆಲ್ಟಿಯರ್ ಆರಿಸುತ್ತದೆ. ಶಾರ್ಟ್ ಆದರೆ ಕುದಿಯುತ್ತಿದೆ ಅಂತ ತಿಳಿದು ಪೂರ್ತಿ ತಂಪು ಮಾಡುತ್ತದೆ.

ಆ ಎರಡನೆಯದೇ ಬೆಳಗಾವಿಯಲ್ಲಿ ಆದದ್ದು. ಜುಲೈ, ಹೊರಗೆ ಜಿಟಿಜಿಟಿ ಮಳೆ, ಅಂಗಡಿಯೊಳಗೆ 24 ಡಿಗ್ರಿ, ತೇವಾಂಶ 90. "ಅಣ್ಣಾ, ಕಿರಣ ಎರಡಾಗಿ ಬೀಳಾಕತ್ತೈತಿ" ಅಂತ ಫೋನು. ಆರಿಸಿ ಲೆನ್ಸ್ ತಿರುಗಿಸಿ ತೆಗೆದರೆ ಡಯೋಡಿನ ಕಿಟಕಿಯ ಮೇಲೆ ಸಾಸಿವೆ ಕಾಳಿನಂಥ ಒಂದು ಹನಿ. ತೇವಾಂಶ 50 ದಾಟಿದ್ದರೆ ಒಂದು ಅಂದಾಜು ಲೆಕ್ಕ ಉಂಟು: ನೂರರಿಂದ ತೇವಾಂಶ ಕಳೆದು ಐದರಿಂದ ಭಾಗಿಸಿ, ಗಾಳಿಯ ಉಷ್ಣತೆಗಿಂತ ಅಷ್ಟು ಡಿಗ್ರಿ ಕೆಳಗೆ ಹೋದರೆ ಹನಿ ಕಟ್ಟುತ್ತದೆ. ಇಲ್ಲಿ ಬರೇ 2 ಡಿಗ್ರಿ. 22ಕ್ಕಿಂತ ತಂಪು ಮಾಡಿದರೆ ಇಬ್ಬನಿ. ಅವನಿಗೆ ಆ ಊರಿನ ಹವೆಯಲ್ಲಿ ಪೆಲ್ಟಿಯರ್ ಬೇಕೇ ಇರಲಿಲ್ಲ, ಕಿತ್ತು ಹಾಕಿದ, ಅಲ್ಲಿಗೆ ದೋಷವೂ ಹೋಯಿತು. ನೀಲಿ ಡಯೋಡ್ ಶಾಖವನ್ನು ಒಂದಷ್ಟು ತಾಳಿಕೊಳ್ಳುತ್ತದೆ. 638 ನ್ಯಾನೋಮೀಟರಿನ ಕೆಂಪು ಡಯೋಡ್ ಹಾಗಲ್ಲ, ಸ್ವಲ್ಪ ಕಾದರೂ ಸೋಲುತ್ತದೆ, ಪೆಲ್ಟಿಯರ್ ಅದಕ್ಕಿರಲಿ.

ವಿಜಯಪುರದ ಮೇ ತಿಂಗಳಿಗೆ ಹರವಿ

ತಗಡಿನ ಕೆಳಗೆ 44 ಡಿಗ್ರಿ ಇರುವಾಗ ಫ್ಯಾನ್ ಊದುವುದೂ 44ರ ಗಾಳಿಯನ್ನೇ. ಹೀಟ್‌ಸಿಂಕ್ ಅದಕ್ಕಿಂತ ಮೇಲೆಯೇ ಇರುತ್ತದೆ. ಮಧ್ಯಾಹ್ನ ಮಾತ್ರ ಬರುವ, ರಾತ್ರಿ ಮಾಯವಾಗುವ ದೋಷ ಇದು. ಬಿಚ್ಚಿ ನೋಡಿದರೆ ಏನೂ ಸಿಗುವುದಿಲ್ಲ.

ಮೊದಲು, ಒಳಗೆ ದಾರಿಯಿರುವ ಲೋಹದ ಬ್ಲಾಕ್ ಹಚ್ಚಿ ಅದರಲ್ಲಿ ನೀರು ಹರಿಸಿ ನೋಡಿದೆ. ಬೋರಿನ ನೀರು ಹಾಕಿದ್ದು ತಪ್ಪಾಯಿತು, ನಮ್ಮ ಗಡಸು ನೀರಿಗೆ ಎರಡು ತಿಂಗಳಲ್ಲಿ ಬ್ಲಾಕಿನ ಒಳದಾರಿಗೆ ಸುಣ್ಣ ಕಟ್ಟಿತು. ಮೇಲಾಗಿ ಬ್ಲಾಕ್ ಅಲ್ಯೂಮಿನಿಯಂ, ಕೊಳವೆ ತಾಮ್ರ. ಒಂದೇ ನೀರಿನಲ್ಲಿ ಈ ಎರಡು ಲೋಹ ಕೂಡಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಈಗ ಬ್ಲಾಕೂ ತಾಮ್ರದ್ದೇ, ನೀರು ಇನ್ವರ್ಟರಿಗೆ ಹಾಕುವ ಬ್ಯಾಟರಿ ನೀರು.

ಆ ಬಿಸಿ ನೀರನ್ನು ತಣಿಸುವುದೆಲ್ಲಿ? ಖೋಲಿಯ ಮೂಲೆಯ ಮಣ್ಣಿನ ಹರವಿಯಲ್ಲಿ. ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಹರವಿಯ ಸಾದಾ ನೀರಿನಲ್ಲಿ ಮುಳುಗಿಸಿದ್ದೇನೆ, ಬ್ಯಾಟರಿ ನೀರು ಆ ಸುರುಳಿಯೊಳಗೆ ಮಾತ್ರ ಸುತ್ತುತ್ತದೆ. ಹರವಿಯ ಮೈಯಿಂದ ಒಸರಿದ ನೀರು ಆರುವಾಗ ಗ್ರಾಮಿಗೆ ಸುಮಾರು 2,400 ಜೂಲ್ ಒಯ್ಯುತ್ತದೆ. 9 ವ್ಯಾಟ್ ಒಯ್ಯಲು ತಾಸಿಗೆ 14 ಮಿಲಿಲೀಟರ್ ಹೆಚ್ಚಿಗೆ ಆರಿದರೆ ಸಾಕು, ಒಂದು ಚಮಚೆಯಷ್ಟು. ಒಣ ಬಿಸಿಲಿನಲ್ಲಿ ಹರವಿಯ ನೀರು ಖೋಲಿಗಿಂತ ಎಷ್ಟೋ ಕೆಳಗಿರುತ್ತದೆ. ಇದರಲ್ಲೊಂದು ಚಂದ ಉಂಟು: ಆರುವಿಕೆಯಿಂದ ತಣಿದ ನೀರು ಇಬ್ಬನಿ ಕಟ್ಟುವ ಉಷ್ಣತೆಗಿಂತ ಕೆಳಗೆ ಹೋಗಲಾರದು, ಆದ್ದರಿಂದ ಲೆನ್ಸಿಗೆ ಹನಿ ಕೂರುವ ಭಯವೇ ಇಲ್ಲ. ಹರವಿ ಹಳೆಯದಾಗಿ ಹೊರಮೈಗೆ ಬಿಳಿ ಉಪ್ಪು ಕಟ್ಟಿದರೆ ಒಸರುವುದು ನಿಲ್ಲುತ್ತದೆ, ತೆಂಗಿನ ನಾರಿನಿಂದ ತಿಕ್ಕಿ. ತಮ್ಮನೂ ಜುಲೈನಲ್ಲಿ ಒಂದು ಹರವಿ ತಂದಿಟ್ಟ. ಆ ಹವೆಯಲ್ಲಿ ಏನೂ ಆರಲಿಲ್ಲ, ಈಗ ಕುಡಿಯುವ ನೀರಿಗಿದೆ.

ಕೊನೆಗೆ ಡಯೋಡ್

ಇಷ್ಟೆಲ್ಲ ದಾಟಿದ ಮೇಲೆ ಡಯೋಡನ್ನು ವಿಚಾರಿಸಿ, ಅದೂ ಬಿಚ್ಚದೆ. ಬೇಕಾದದ್ದು ಬೆಳಕಿನ ವ್ಯಾಟ್ ಅಳೆಯುವ ಮೀಟರ್. ಇಲ್ಲದಿದ್ದರೆ 20 ಗ್ರಾಂ ಅಲ್ಯೂಮಿನಿಯಂ ತುಂಡಿಗೆ ಮಬ್ಬು ಕಪ್ಪು ಬಣ್ಣ ಬಳಿದು ಹಿಂದೆ ಥರ್ಮಿಸ್ಟರ್ ಅಂಟಿಸಿ. ಲೆನ್ಸ್ ಸಡಿಲಿಸಿ ಕಿರಣ ಹರಡಿ ಬೀಳಿಸಿ, ಚೂಪಾಗಿದ್ದರೆ ಬಣ್ಣ ಸುಡುತ್ತದೆ. ಒಂದು ನಿಮಿಷದಲ್ಲಿ 10 ಡಿಗ್ರಿ ಏರಿದರೆ ಸುಮಾರು 3 ವ್ಯಾಟ್. ಅದೇ ತುಂಡಿಗೆ ರೆಸಿಸ್ಟರ್ ಅಂಟಿಸಿ ಗೊತ್ತಿರುವ ವ್ಯಾಟ್ ಕೊಟ್ಟು ಎಷ್ಟು ಏರುತ್ತದೆ ಅಂತ ಮೊದಲೇ ಬರೆದಿಟ್ಟುಕೊಂಡರೆ ಅಳತೆ ನಂಬಬಹುದು.

ನನ್ನ ವಹಿಯಲ್ಲಿ ಈಗಿನ ಡಯೋಡಿನ ಲೆಕ್ಕ ಹೀಗಿದೆ: 0.35 ಆಂಪಿಯರಿಗೆ ಲೇಸರ್ ಶುರು, 1 ಆಂಪಿಯರಿಗೆ 1 ವ್ಯಾಟ್, 2ಕ್ಕೆ 2.6, 3ಕ್ಕೆ 4.2. ಹೊಸದಿದ್ದಾಗಲೇ ಬರೆದದ್ದು. ಮತ್ತೆ ಅಳೆದಾಗ ಶುರುವಾಗುವ ಜಾಗ ಅಲ್ಲೇ ಇದ್ದು ಏರಿಕೆ ಮಾತ್ರ ತಗ್ಗಿದ್ದರೆ ಲೆನ್ಸ್ ಕೊಳೆ. ಶುರುವಾಗುವ ಜಾಗ ಮುಂದೆ ಸರಿದು, ತಣಿದ ಮೇಲೆ ಹಿಂದೆ ಬಂದರೆ ಶಾಖ. ತಣಿದರೂ ಬರದಿದ್ದರೆ ಡಯೋಡಿಗೆ ವಯಸ್ಸಾಗಿದೆ, ಕರೆಂಟ್ ಏರಿಸಿ ಚಾವಟಿ ಬೀಸಬೇಡಿ. 3 ಆಂಪಿಯರಿನತನಕ ಎಲ್ಲಿಯೂ ತಿರುವೇ ಇಲ್ಲದೆ ಮಿಣಮಿಣ ಅಂತ ಸುಮ್ಮನೆ ಬೆಳಗುತ್ತಿದ್ದರೆ ಅದರ ಮುಖದ ಕನ್ನಡಿ ಸುಟ್ಟಿದೆ, ಉಳಿದದ್ದು ಎಲ್‌ಇಡಿ.

ಹಾಗೆ ಸತ್ತವುಗಳನ್ನು ಎಸೆಯಬೇಡಿ. ಶಾರ್ಟ್ ಆಗಿರದಿದ್ದರೆ ಅದರ ಮೇಲೆ ಈಗಲೂ ನಾಲ್ಕು ಚಿಲ್ಲರೆ ವೋಲ್ಟೇ ಬೀಳುತ್ತದೆ, 6ಎ10ಗಳ ಸರಕ್ಕಿಂತ ಒಳ್ಳೆಯ ಡಮ್ಮಿ ಲೋಡ್. ಗಾಗಲ್ ಹಾಕಿಯೇ ಬಳಸಿ. ನನ್ನ ಎರಡನೆಯ ಡಯೋಡ್ ತಾಮ್ರದ ಹೋಲ್ಡರಿನಲ್ಲೇ ಇದೆ, ಹೊಸ ಡ್ರೈವರ್ ಬಂದಾಗೆಲ್ಲ ಮೊದಲು ಅದಕ್ಕೇ ಹಚ್ಚಿ ನೋಡುತ್ತೇನೆ.